ತೂಕದಕ್ಕ

ಬೈಕಂಪಾಡಿಯ ತೂಕದ ಕಟ್ಟೆಯಲ್ಲಿ ನನ್ನ ಕಿಟಕಿ ಒಂದೂವರೆ ಅಡಿ.
ಅಷ್ಟೇ ಅಗಲಕ್ಕೆ ಲೋಕ ಬಂದು ನಿಲ್ಲುತ್ತದೆ:
ಲಾರಿ, ಹೊಗೆ, ಚೀಟಿಗೆ ಚಾಚಿದ ಕೈ.
ತುಂಬಿದ ತೂಕದಲ್ಲಿ ಖಾಲಿ ತೂಕ ಕಳೆದರೆ
ಉಳಿದದ್ದು ಕೋಳಿಗಳ ಹಸಿವು.
ಹನ್ನೊಂದು ವರ್ಷದಿಂದ ನಾನು ತೂಕದಕ್ಕ.
ಹೆಸರು ಕೇಳಿದವರು ಕಡಿಮೆ.

ಮೊದಲು ದಿನಕ್ಕೆ ನಾಲ್ಕು ಲಾರಿ,
ಮಧ್ಯಾಹ್ನ ಮೇಜಿಗೆ ತಲೆಯಿಟ್ಟು ಸಣ್ಣ ನಿದ್ದೆಯೂ ಆಗುತ್ತಿತ್ತು.
ಈಗ ಮೂವತ್ತು, ಶನಿವಾರ ನಲವತ್ತು.
ಹಾವೇರಿಯ ಗೋವಿನಜೋಳ ಸಾಲದೆ
ಹಡಗಿನದ್ದೂ ಬರುತ್ತದೆ, ಸೋಯಾ,
ಚೀಲದ ಮೇಲೆ ನಾಲಗೆ ಹೊರಳದ ಊರು.
"ನಮ್ ಜ್ವಾಳ ತಿಂದ ಕೋಳಿ ನಿಮ್ ಸಮುದ್ರ ನೋಡ್ತಾವೇನ್ರಿ ಅಕ್ಕಾರ?"
ಫಕ್ಕೀರೇಶ ಕೇಳುತ್ತಾನೆ.
ಇಲ್ಲ ಮಾರಾಯ, ನಲವತ್ತು ದಿನ ಬಲ್ಬು ನೋಡುತ್ತವೆ.

ಅಪ್ಪೆ ಒಂದು ಹುಂಜಕ್ಕೆ ಒಂದು ವರ್ಷ ಕಾಯುತ್ತಿದ್ದಳು.
ಆಟಿ ಕಳೆದು ದೊಡ್ಡಕ್ಕನ ಗಂಡ ಬಂದರೆ ಮಾತ್ರ ಕತ್ತಿ.
ಹದಿಮೂರು ಬಟ್ಟಲು, ಒಂದು ಕೋಳಿ;
ಕಾಲು ಭಾವನಿಗೆ, ಲಿವರು ಅಣ್ಣಂದಿರಿಗೆ,
ನಮಗೆ ರೊಟ್ಟಿ ನೆನೆಯುವಷ್ಟು ಸಾರು.
"ಕುತ್ತಿಗೆಯಲ್ಲೇ ರುಚಿ ಇರುವುದು" ಎಂದು ಎಲುಬು ಚೀಪುತ್ತ
ನಮ್ಮನ್ನೆಲ್ಲ ನಂಬಿಸಿದ್ದಳು.

ಮೊನ್ನೆ ಸುರತ್ಕಲ್ಲಿನಲ್ಲಿ ಮಗಳಿಗೆ
ಬರೀ ಕಾಲುಗಳ ಪೊಟ್ಟಣ ಕೊಂಡೆ. ಎಂಟು ಕಾಲು.
ಬುಧವಾರ. ಹಬ್ಬವಿಲ್ಲ, ನೆಂಟರಿಲ್ಲ.
ತಪ್ಪೆನ್ನಲು ನನಗೆ ಬಾಯಿಲ್ಲ:
ಅವಳು ತಿನ್ನುವುದನ್ನು ನೋಡುತ್ತ
ನನ್ನ ಅನ್ನ ಆರಿಹೋಗಿತ್ತು.

ಜೂನಿನಲ್ಲಿ ಕಟ್ಟೆಯ ಕಬ್ಬಿಣದ ಸಂದಿಯಲ್ಲಿ
ಉದುರಿದ ಕಾಳೊಂದು ಮೊಳೆಯಿತು.
ಚಕ್ರಕ್ಕೆ ಸಿಗುವ ಮೊದಲು ಕಿತ್ತು
ಪೇಂಟಿನ ಡಬ್ಬಿಯಲ್ಲಿ ನೆಟ್ಟು ಬಾಗಿಲ ಪಕ್ಕ ಇಟ್ಟೆ.
ಮೂರು ಮೂರು ಎಲೆ, ಮೈತುಂಬ ಎಳೆಗೂದಲು.
ಆಮೇಲೊಂದು ದಿನ ಗುತ್ತಿಗೆಯವರು ಬಂದು
ಕಳೆಗೆ ಮದ್ದು ಹೊಡೆದರು.
ಹುಲ್ಲು ಕೆಂಪಾಯಿತು, ತುಂಬೆ ಸತ್ತಿತು.
ಡಬ್ಬಿಯದ್ದು ಕೇರು ಮಾಡಲಿಲ್ಲ.

ಲ್ಯಾಬಿನ ಪ್ರೆಸಿಲ್ಲಾ ಒಂದೆಲೆ ಚಿವುಟಿ
ಪುಟ್ಟ ಕೊಳವೆಯಲ್ಲಿ ಅರೆದು ಕಾಗದದ ಪಟ್ಟಿ ಅದ್ದಿದಳು.
ಇಬ್ಬರೂ ಬಗ್ಗಿ ಕಾದೆವು,
ಮದುವೆಯಾದ ಹೊಸತರಲ್ಲಿ ನಾನು ಬಚ್ಚಲಲ್ಲಿ ನಿಂತು ಕಾದ ಹಾಗೆ.
ಒಂದು ಗೆರೆ.
ಮತ್ತೆ, ನಿಧಾನಕ್ಕೆ, ಇನ್ನೊಂದು.
"ಎಂತ ಅರ್ಥ?"
"ಇದರೊಳಗೆ ಇದರದ್ದಲ್ಲದ್ದೊಂದು ಉಂಟು."
"ವಿಷವಾ?"
"ವಿಷಕ್ಕೆ ಸಾಯದ್ದು. ಅಷ್ಟೆ."
"ತಿಂದರೆ?"
"ಕೋಳಿ ತಿನ್ನುತ್ತದಲ್ಲ ಅಕ್ಕ. ಕೋಳಿಯನ್ನು ನಾವು."
ಪಟ್ಟಿಯನ್ನು ಟಿಶ್ಯೂವಿನಲ್ಲಿ ಸುತ್ತಿ ಕೋಟಿನ ಜೇಬಿಗೆ ತುರುಕಿ
ಹಾರ್ನು ಕೇಳಿದವಳಂತೆ ಹೊರಟಳು.
ಹಾರ್ನು ಆಗಿರಲಿಲ್ಲ.

ಸೆಪ್ಟೆಂಬರಿಗೆ ನಾಲ್ಕು ಕಾಯಿ.
ಮನೆಗೊಯ್ದೆ. ಅಪ್ಪೆ ಸಿಪ್ಪೆ ಬಿಡಿಸಿ ಮೂಸಿ ನೋಡಿ
"ಬೀಜಕ್ಕೆ ಇಡಬಹುದು" ಅಂದಳು,
ಬೂದಿಯಲ್ಲಿ ಹೊರಳಿಸಿ ಕರಟಕ್ಕೆ ಹಾಕಿ
ಒಲೆಯ ಮೇಲಿನ ಅಟ್ಟಕ್ಕೆ ಕೈ ಎಟುಕದೆ
ನನ್ನನ್ನೇ ಕರೆದಳು.
ಎರಡು ಗೆರೆಯ ಸಂಗತಿ ನಾನು ಹೇಳಿಲ್ಲ.
ಹತ್ತು ಕಾಳು, ಒಂದು ಕರಟ.
ನಮ್ಮ ಕಟ್ಟೆಯ ಯಂತ್ರ
ಹತ್ತು ಕಿಲೋಗಿಂತ ಕೆಳಗಿನದ್ದನ್ನು
ಸೊನ್ನೆ ಎಂದೇ ತೋರಿಸುವುದು.