ನಲವತ್ತೆರಡು ಹಲ್ಲು

ಐದಕ್ಕೆ ಇನ್ನೂ ಹತ್ತು ನಿಮಿಷ.
ಬೋಸಾದ ನಮ್ಮ ಓಣಿಯಲ್ಲಿ
ಬೇಕರಿಯವನ ಷಟರು ಮಾತ್ರ ಅರ್ಧ ಎದ್ದಿದೆ.
ಸೈಕಲ್ಲನ್ನು ಹೆಗಲಿಗೇರಿಸಿ ಮೂರು ಮಹಡಿ ಇಳಿಯುತ್ತೇನೆ,
ಹಿಂದಿನ ಗಾಲಿಯನ್ನು ಒಂದು ಕೈಯಲ್ಲಿ ಅದುಮಿ ಹಿಡಿದು.
ಬಿಟ್ಟರೆ ಅದು ತಾನಾಗಿ ಟಿಕಟಿಕ ಮಾತಿಗೆ ತೊಡಗುತ್ತದೆ,
ಕೆಳಮನೆಯ ಮಗು ಎದ್ದುಬಿಡುತ್ತದೆ.

ಬೊಗೊಟಾ ಎತ್ತರದ ಊರು. ಆದರೂ ಚಳಿ
ಮೇಲಿನಿಂದ ಬರುವುದಿಲ್ಲ, ಕಾಲುವೆಯಿಂದೇಳುತ್ತದೆ,
ಕೊಳೆನೀರಿನ ವಾಸನೆಯ ಕೈಹಿಡಿದು.
ಕಾಲುವೆಯ ದಂಡೆಗೇ ಸೈಕಲ್ ದಾರಿ.
ಇಪ್ಪತ್ತೆರಡು ದೀಪದ ಕಂಬ,
ಉರಿಯುವುದು ಒಂಬತ್ತು. ನಾನೇ ಎಣಿಸಿದ್ದು.

ಅದಕ್ಕೇ ಸೇತುವೆಯ ಕೆಳಗೆ ಕಾಯುತ್ತೇವೆ.
ಒಬ್ಬರೇ ಹೋದರೆ ಸೈಕಲ್ ಹೋಗುತ್ತದೆ,
ಕೆಲವೊಮ್ಮೆ ಅದರ ಜತೆ ಇನ್ನೇನೋ.
ಐದಾರು ಮಂದಿ ಕೂಡಿದರೆ
ಯಾರೋ ಗಂಟೆ ಬಾರಿಸುತ್ತಾರೆ, ಹೊರಡುತ್ತೇವೆ.
ಹೆಸರು ಕೇಳುವ ರೂಢಿಯಿಲ್ಲ.
ಹಳದಿ ಹೆಲ್ಮೆಟ್ಟಿನವ. ಗಾರೆ ಕೆಲಸದ ಅಣ್ಣತಮ್ಮ.
ಹ್ಯಾಂಡಲ್ಲಿಗೆ ಮಾತೆ ಮೇರಿಯನ್ನು ತಂತಿಯಿಂದ ಬಿಗಿದ
ಆಸ್ಪತ್ರೆಯ ಆಯಾ.
ನನ್ನನ್ನು ಅವರು ಏನೆನ್ನುತ್ತಾರೋ.

ಹೆಸರಿರುವುದು ಒಬ್ಬನಿಗೆ: ದೋನ್ ಎವೆಲಿಯೊ.
ಮೂರು ಗಾಲಿಯ ಸೈಕಲ್ಲು, ನಾಲ್ಕು ಥರ್ಮಾಸು,
ಕಾಗದದ ಲೋಟದಲ್ಲಿ ಬೆಲ್ಲದ ಕರಿಕಾಫಿ.
ನಗುವಾಗ ಅಂಗೈ ಬಾಯಿಗೆ ಅಡ್ಡ ಬರುತ್ತದೆ.
ನೋಡಬಾರದೆಂದರೂ ನೋಡಿಬಿಡುತ್ತೇನೆ:
ಮೇಲಿನ ಸಾಲಿನಲ್ಲಿ ಮುಂದಿನ ನಾಲ್ಕಿಲ್ಲ.

ನನ್ನ ಕೆಲಸವೇ ಅದು.
ಚಾಪಿನೇರೊದ ಒಂದು ನೆಲಮಾಳಿಗೆಯಲ್ಲಿ
ದಿನಕ್ಕೆ ಎಂಟು ಗಂಟೆ ಹಲ್ಲು ಕಟ್ಟುತ್ತೇನೆ,
ಎಂದೂ ಕಾಣದ ಬಾಯಿಗಳಿಗೆ.
ಮೇಣ, ಪ್ಲಾಸ್ಟರು, ಗುಲಾಬಿ ಒಸಡು;
ಸಿಗರೇಟಿನವರಿಗೆ ಕೊಂಚ ಹಳದಿ ಬೆರೆಸಬೇಕು,
ಇಲ್ಲವಾದರೆ ಸುಳ್ಳು ಎದ್ದು ಕಾಣುತ್ತದೆ.

ಹಲ್ಲಿದ್ದವರಿಗೆ ಕಡಲೆಯಿಲ್ಲ, ಕಡಲೆಯಿದ್ದವರಿಗೆ ಹಲ್ಲಿಲ್ಲ.
ಸೇತುವೆಯ ಕೆಳಗೆ ಲೆಕ್ಕ ಇನ್ನೂ ಸರಳ:
ಎರಡೂ ಇಲ್ಲ.

ಒಂದು ಮಂಗಳವಾರ
ಹೊರಡುವ ಹೊತ್ತಿಗೇ ನನ್ನ ಚೈನು ಹಲ್ಲು ತಪ್ಪಿತು.
ಎವೆಲಿಯೊ ಥರ್ಮಾಸು ಕೆಳಗಿಟ್ಟು ಮಂಡಿಯೂರಿದ,
ಗ್ರೀಸಿನೊಳಗೆ ಬೆರಳಿಟ್ಟು ಎಣಿಸಿದ.
"ಬಾಯಿಗೆ ಮೂವತ್ತೆರಡು, ಇದಕ್ಕೆ ನಲವತ್ತೆರಡು.
ಇವೂ ಸವೆದಿವೆ, ಮಗಳೇ."
ನಕ್ಕ. ಕೈ ಕಪ್ಪಾಗಿತ್ತಲ್ಲ, ಅಡ್ಡ ತರಲಾಗಲಿಲ್ಲ.
ಪೂರಾ ನಗು ಕಂಡಿತು, ಖಾಲಿ ಜಾಗದ ಸಮೇತ.

ಮರುದಿನ ಅಚ್ಚಿನ ಹಿಟ್ಟು ತಂದೆ.
ಕಾಫಿ ಲೋಟದಲ್ಲೇ ಕಲಸಿ
"ಆ ಅನ್ನಿ" ಅಂದೆ.
ಹಳದಿ ಹೆಲ್ಮೆಟ್ಟು ಮೊದಲು ತಿರುಗಿತು, ಆಮೇಲೆ ಉಳಿದವರು:
ಆರು ಸೈಕಲ್ಲಿನ ಬೆಳಕು ಒಂದು ಬಾಯಿಗೆ.
ಗಟ್ಟಿಯಾಗಲು ಎರಡು ನಿಮಿಷ ಬೇಕು.
ಎಲ್ಲರೂ ಕೆಲಸಕ್ಕೆ ತಡವಾಗುವವರೇ.
ಯಾರೂ ಗಂಟೆ ಮುಟ್ಟಲಿಲ್ಲ.

ಒದ್ದೆ ಬಟ್ಟೆಯಲ್ಲಿ ಸುತ್ತಿ ಊಟದ ಡಬ್ಬಿಗೆ ಹಾಕಿಕೊಂಡೆ.
ಹದಿನಾಲ್ಕು ಕಿಲೋಮೀಟರು
ಒಬ್ಬನ ಬಾಯಿ ಹೊತ್ತು ತುಳಿದಿದ್ದೇನೆ ನಾನು.
ಬೇರು ಎಬ್ಬಿಸಿದ ಸಿಮೆಂಟು, ಹಂಪಿನ ಮೇಲೆ ಹಂಪು,
ಬೊಯಾಕಾ ರಸ್ತೆಯ ಲಾರಿಗಳ ಬಿಸಿಯುಸಿರು.
ಟ್ಯಾಕ್ಸಿಯವನೊಬ್ಬ ಹಿಂದೆಮುಂದೆ ನೋಡದೆ ಬಾಗಿಲು ತೆರೆದ;
ಅವನ ತಾಯಿಯಿಂದ ಶುರುಮಾಡಿದ ಬೈಗುಳ
ಅರ್ಧಕ್ಕೇ ನುಂಗಿದೆ,
ಡಬ್ಬಿಯೊಳಗಿನವನು ಕೇಳಿಸಿಕೊಂಡಾನೆಂದು.

ಮೂರು ವಾರಕ್ಕೆ ಕೊಟ್ಟೆ.
ಹಾಕಿಕೊಂಡ. ಮಾತಿನಲ್ಲಿ ಸೀಟಿ ಸೇರಿಕೊಂಡಿತು.
ಕಾಫಿ ಕುಡಿದು ಮುಖ ಸಿಂಡರಿಸಿದ:
"ರುಚಿಯೆಲ್ಲ ಇವೇ ತಿನ್ನುತ್ತವೆ."
ಈಗ ಭಾನುವಾರ ಮಾತ್ರ ಹಾಕುತ್ತಾನಂತೆ,
ದೊಡ್ಡ ರಸ್ತೆಗಳಿಗೆ ಕಾರು ಬಿಡದ ದಿನ,
ಇಸ್ತ್ರಿ ಅಂಗಿಯ ಜತೆ.
ಮಿಕ್ಕ ದಿನ ಅಂಗಿಯ ಜೇಬಿನಲ್ಲಿ,
ಪ್ರತಿ ಗುಂಡಿಗೂ ಚಿಲ್ಲರೆಯನ್ನು ಕಚ್ಚುತ್ತ.

ನನ್ನ ಚಕ್ರವನ್ನೂ ಬದಲಿಸಿಲ್ಲ.
ದುಡ್ಡು ಮುಂದಿನ ತಿಂಗಳಿಗೆ.
ಇವತ್ತು ಉರಿದದ್ದು ಎಂಟು ದೀಪ.
ಆಯಾ ಇನ್ನೂ ಬಂದಿಲ್ಲ,
ಇನ್ನೊಂದು ನಿಮಿಷ ನೋಡೋಣ.