ಪಡುಪಾದೆಯ ದೀಪ

ನಮ್ಮ ಮನೆಯ ಬಾಗಿಲು ಸಾಗುವಾನಿ.
ಪಡುಪಾದೆ ಒಡೆದ ಹಡಗಿನದು.
ಮುತ್ತಜ್ಜಿ ಕರ್ಗಿ, ಮೀನಿನ ಬುಟ್ಟಿ ಇಳಿಸಿಟ್ಟು
ತೆರೆಯ ಬಾಯಿಂದ ಎಳೆದು ತಂದದ್ದು.
ಹಲಗೆಯಲ್ಲಿ ಇನ್ನೂ ಇದೆ
ಯಾವುದೋ ಲಿಪಿಯ ಒಂದೂವರೆ ಅಕ್ಷರ.

ಆಮೇಲೆ ದೊರೆಗಳು ಬಂದರು, ದೀಪ ಕಟ್ಟಲು.
ಕಾರ್ಕಳದ ಕಲ್ಲು, ಮರುವಾಯಿ ಚಿಪ್ಪು ಸುಟ್ಟ ಸುಣ್ಣ,
ಇಳಿತವಿದ್ದಾಗ ಮಾತ್ರ ಕೆಲಸ.
ಕಟ್ಟಿದ್ದನ್ನು ಆಟಿಯ ಕಡಲು ಮೂರು ಸಲ ತಿಂದಿತು.
ಮೂರನೆಯ ಸಲ ಸುಣ್ಣದ ದೋಣಿ ಮಗುಚಿ
ಕರ್ಗಿಯ ಗಂಡ ಬೂದನನ್ನೂ.
ಬುಡದ ಕಲ್ಲಿನಲ್ಲಿ ಇಂಜಿನಿಯರನ ಹೆಸರಿದೆ, ಇಸವಿಯಿದೆ.

ದೀಪ ಹತ್ತಿತು. ಹಡಗುಗಳು ದೂರ ಸರಿದವು.
ಮಲ್ಪೆಯಲ್ಲಿ ಮತ್ತೆ ಯಾರ ಮನೆಗೂ
ಪುಕ್ಕಟೆ ಸಾಗುವಾನಿ ಬರಲಿಲ್ಲ.

ಹನ್ನೆರಡು ಎಣಿಸುವಷ್ಟರಲ್ಲಿ ಬೆಳಕು ಒಳಗೆ ಬಂದು
ಚಾಪೆಯ ಅಂಚು ಮುಟ್ಟಿ ಹೋಗುತ್ತಿತ್ತಂತೆ.
ಕರ್ಗಿ ಎಣಿಸುತ್ತಿದ್ದಳು.
ಅಷ್ಟು ಗಟ್ಟಿ ಬಾಗಿಲು,
ಸಾಯುವ ತನಕ ಒಂದು ರಾತ್ರಿಯೂ ಹಾಕಲಿಲ್ಲ.