ಏಳಕ್ಕ ಆರು

ಹುಲಿಗಿಯ ಹೊಳಿದಂಡಿ, ಹರಿಗೋಲು ತಾಗುವ ಬಂಡೆ.
ಅದರ ಮೇಲೆ ಗೋಣಿತಟ್ಟು ಹಾಸಿ ಕೂಡುತ್ತಿದ್ದಳಂತೆ ಗಾಳೆವ್ವತ್ತಿ,
ಎಡಕ್ಕೆ ಚಾರ್‌ಮಿನಾರದ ರೊಕ್ಕ, ಬಲಕ್ಕೆ ದೊರೆಯ ಮಾರಿಯ ರೊಕ್ಕ,
ನಡುವೆ ಒಂದು ಬೊಗಸೆ ಹುಣಸೀಬೀಜ.

ಓದು ಬಾರದು. ಏಳರ ಮಗ್ಗಿ ಬಾರದು.
ಏಳು ಬೀಜ ಈ ಕಡೆ ಇಟ್ಟು, ಆರನ್ನು ಆ ಕಡೆ ಸರಿಸಿ
ಉಳಿದೊಂದನ್ನು ಬಾಯಿಗೆ ಹಾಕಿಕೊಳ್ಳುವಳು:
‘ಇದು ಹೊಳಿ ಪಾಲು.
ಹೊಳಿಗೆ ಹಲ್ಲಿಲ್ಲ, ಅದಕ್ಕ ನಾ ಕಡೀತೀನಿ.’

ನೂರು ಕಲದಾರಕ್ಕೆ ನೂರಾ ಹದಿನಾರು ಹಾಲಿ, ಹತ್ತಾಣೆ, ಎಂಟು ಪೈ
ಎನ್ನುತ್ತಿತ್ತು ಕಚೇರಿಯ ಕಾಗದ.
ಎಂಟು ಪೈಯ ತನಕ ಹಿಡಿದು ಬರೆದವರು
ನೀರಿನ ಯಾವ ಜಾಗದಲ್ಲಿ ಏಳು ಆರಾಗುತ್ತದೆಂದು ಬರೆದಿರಲಿಲ್ಲ.
ಆ ಕರಿಗುಂಡಿನ ಹತ್ತಿರ, ಎನ್ನುತ್ತಿದ್ದ ಅಂಬಿಗರ ಸಣ್ಣಹನುಮ.
ಅಲ್ಲಿ ಹರಿಗೋಲು ತಾನಾಗಿ ಒಂದು ಸುತ್ತು ತಿರುಗುತ್ತದೆ,
ಹೆಂಗಸರು ಸೆರಗಿನ ಗಂಟು ಮುಟ್ಟಿ ನೋಡಿಕೊಳ್ಳುತ್ತಾರೆ.

ಕರೋಡಗಿರಿ ಜವಾನ ಬಂದರೆ ರೊಕ್ಕ ಗೋಣಿಯ ಕೆಳಗೆ.
‘ಏನ್ ಮಾಡ್ತಿ?’
‘ಬೀಜ ಆರಸ್ತೀನ್ರಿ ಸಾಹೇಬ್ರ.’

ಮೇಲೆ ಡ್ಯಾಮು ಏಳುತ್ತಿತ್ತು.
ಎರಡು ದಂಡೆಯಿಂದ ಎರಡು ಸರಕಾರ ಕಲ್ಲು ಹೊತ್ತು
ನಡುವೆ ಎಲ್ಲೋ ಕೂಡುವ ಮಾತು.
ಯಂಕಮ್ಮನ ಬುಟ್ಟಿ ಈ ದಂಡೆಗೆ, ಗಂಡನದು ಆ ದಂಡೆಗೆ.
ಶನಿವಾರ ಅವಳು ಒಂದು ಹಾಲಿ ತಂದಿಟ್ಟರೆ
ಸಿಗುವುದು ಹದಿಮೂರಾಣೆ ಎಂಟು ಪೈ.
‘ಅದ ಕಲ್ಲು, ಅದ ನೆತ್ತಿ.
ನನ್ನ ರೂಪಾಯಿ ಯಾಕವ್ವಾ ಕುಳ್ಳು?’
ಅತ್ತಿ ಬೀಜ ಕಡಿದಳು:
‘ಹಾಲಿ ತಗ್ಗಿದ್ದು ಎರಡಾಣಿ ಚೂರು.
ಹೆಣ್ಣಾಳು ಅಂತ ಮೇಸ್ತ್ರಿ ಮುರಕೊಂಡದ್ದೆಷ್ಟು?
ಆ ವಟ್ಟ ಯಾವ ಹಲಗಿ ಮ್ಯಾಲೂ ಬರಿಯೂದಿಲ್ಲ ನೋಡು.’

ಇವೆಲ್ಲ ಅತ್ತಿ ನೂರು ಸಲ ಹೇಳಿದ್ದು, ನಗಿಸುತ್ತ.
ಆ ಒಂದು ಮಳೆಗಾಲದ್ದು ಮಾತ್ರ ಒಂದೇ ಸಲ,
ನಾನು ಬ್ಯಾಂಕಿಗೆ ಸೇರಿದ ವರ್ಷ, ಬೇಳೆ ಆರಿಸುತ್ತ.

ರಜಾಕಾರರ ಹಾವಳಿ. ರಾತ್ರಿ ಊರೂರೇ ಹೊಳೆಗಿಳಿದವು.
ಆಚೆ ಯಾರೂ ಚಾರ್‌ಮಿನಾರ ಮುಟ್ಟಲೊಲ್ಲರು.
ಎಂಟಕ್ಕೆ ಆರು. ಹತ್ತಕ್ಕೆ ಆರು.
ಒಂದು ನಸುಕಿಗೆ ಹನ್ನೆರಡು.
ಕೂಸನ್ನು ರೊಟ್ಟಿಯ ಬುಟ್ಟಿಯಲ್ಲಿಟ್ಟುಕೊಂಡು ಬಂದವಳು,
ಯಲಬುರ್ಗಿ ಕಡೆಯವಳಂತೆ,
ಹನ್ನೆರಡು ಎಣಿಸಿಕೊಟ್ಟಳು, ಆರು ತಗೊಂಡಳು.
ಚೌಕಾಸಿ ಮಾಡಲಿಲ್ಲ. ಕೂಸೂ ಅಳಲಿಲ್ಲ.
‘ಕೇಳಿದ್ರ ಕೊಡ್ತಿದ್ದೆ’ ಅಂದಳು ಅತ್ತಿ.
ಸ್ವಲ್ಪ ಹೊತ್ತು ಬಿಟ್ಟು, ‘ಕೊಡ್ತಿದ್ನೇನೋ.’
ಬೇಳೆಯಲ್ಲಿ ಕಲ್ಲು ಮುಗಿದಿದ್ದವು, ಆದರೂ ಆರಿಸಿದಳು.
ನಾನು ಮನಸ್ಸಿನಲ್ಲೇ ಲೆಕ್ಕ ಹಾಕಿದೆ:
ನಾಲ್ಕು ರೂಪಾಯಿ, ನಾಲ್ಕಾಣೆ, ಆರು ಪೈ, ಮೇಲೊಂದು ಚೂರು.
‘ಹೂಂ, ಅಷ್ಟ’ ಅಂದಳು, ನಾನು ಬಾಯಿ ತೆರೆಯುವ ಮೊದಲೇ.

ಆಮೇಲೆ ಹಾಲಿ ಹೋಗಿ ಮಾಜಿಯಾಯಿತು.
ಆಣೆ ಹೋಯಿತು, ನಯಾಪೈಸೆ ಬಂದು ಅದೂ ಹಳತಾಯಿತು.
ಚಾರ್‌ಮಿನಾರದ ಬೆಳ್ಳಿ ಕರಗಿ
ಯಾರದೋ ಕಾಲಿಗೆ ಕಡಗವಾಗಿರಬೇಕು.
ಎರಡು ದಂಡೆಗೂ ಈಗ ಒಂದೇ ನೋಟು,
ಬಂಡೆಯ ಮೇಲೆ ಹುಡುಗರು ಬಟ್ಟೆ ಬಿಚ್ಚಿಟ್ಟು ನೀರಿಗೆ ಹಾರುತ್ತಾರೆ.

ಮೊನ್ನೆ ಓಟರ್ ಪಟ್ಟಿಯವನು ಬಂದು ವಯಸ್ಸು ಕೇಳಿದ.
ಹಲ್ಲಿಲ್ಲದ ಬಾಯಲ್ಲಿ ಬೀಜ ಹೊರಳಿಸುತ್ತ ಅತ್ತಿ
‘ಹಾಲಿಲೆ ಎಂಬತ್ನಾಕು’ ಅಂದಳು,
‘ಕಲದಾರದಾಗ ಎಪ್ಪತ್ತೆರಡು.
ನಿನಗ ಯಾವುದು ನಡೀತದ, ಅದು ಬರಕೋ.’

ಅವನು ನನ್ನ ಮುಖ ನೋಡಿದ, ಪೆನ್ನು ಕೊಡವಿ
ಎಪ್ಪತ್ತೆಂಟು ಎಂದು ಬರೆದುಕೊಂಡ.